ಹೊಳೆಗಿಳಿಯದ ಊರಿನವರು

ಶಿವಮೊಗ್ಗದಲ್ಲಿ ತುಂಗಾ ಹೊಳೆಯ ದಂಡೆಯ ಮೇಲೆ ಒಂದು ಬೋರ್ಡು ನಿಂತಿದೆ. ‘ನದಿಗೆ ಇಳಿಯುವುದನ್ನು ನಿಷೇಧಿಸಲಾಗಿದೆ’. ಅಷ್ಟೆ. ಎಲ್ಲಿ ಆಳ, ಎಲ್ಲಿ ಸುಳಿ, ಎಲ್ಲಿ ಮರಳು ತೆಗೆದ ಗುಂಡಿ, ಮೇಲಿನಿಂದ ಯಾವ ಹೊತ್ತಿಗೆ ನೀರು ಬಿಟ್ಟಾರು, ಇದಾವುದನ್ನೂ ಅದು ಹೇಳುವುದಿಲ್ಲ. ಆ ಬೋರ್ಡಿನಿಂದ ಇಪ್ಪತ್ತು ಮಾರು ಕೆಳಗೆ ಒಂದು ದೊಡ್ಡ ಚರಂಡಿ ಬಂದು ಹೊಳೆಗೆ ಬೀಳುತ್ತದೆ. ಕಪ್ಪು ನೀರು, ನೀರಿನ ಮೇಲೆ ನೊರೆ, ನೊರೆಯ ಮೇಲೆ ಹಾಲಿನ ಪ್ಯಾಕೆಟ್ಟು. ಅದು ಹೊಳೆಗೆ ಇಳಿಯುವುದನ್ನು ಮಾತ್ರ ಯಾರೂ ನಿಷೇಧಿಸಿದಂತಿಲ್ಲ. ಪಾಪ, ಅದಕ್ಕೆ ಓದಲು ಬರುವುದಿಲ್ಲವಲ್ಲ.

ಕಳೆದ ಏಪ್ರಿಲ್‌ನಲ್ಲಿ ಬೆಂಗಳೂರಿನಿಂದ ರಜಕ್ಕೆ ಬಂದ ಮೊಮ್ಮಗನನ್ನು ಕರೆದುಕೊಂಡು ಹಳೆ ಸೇತುವೆಯ ಹತ್ತಿರ ಹೋಗಿದ್ದೆ. ಹುಡುಗನಿಗೆ ಒಂಬತ್ತು ವರ್ಷ. ಹೊಳೆಗೆ ಹೋಗೋಣ ಎಂದಾಗ ಅವನು ಚಡ್ಡಿ, ಟವೆಲ್ಲು ಏನೂ ತೆಗೆದುಕೊಳ್ಳದೆ ಅವರಮ್ಮನ ಮೊಬೈಲು ಹಿಡಿದುಕೊಂಡು ಹೊರಟ. ಕೋರ್ಪಲಯ್ಯನ ಛತ್ರದ ಮಂಟಪ ತೋರಿಸಿದೆ. ಮಳೆಗಾಲದಲ್ಲಿ ಈ ಮಂಟಪ ಮುಳುಗಿತು ಅಂದರೆ ತುಂಗೆ ತುಂಬಿದಳು ಅಂತ ಊರೆಲ್ಲ ಬಂದು ನೋಡುತ್ತಾರೆ ಕಣೋ ಎಂದೆ. ಅವನು ನಾಲ್ಕು ಫೋಟೋ ತೆಗೆದ. ಆಮೇಲೆ ಕೇಳಿದ: “ಅಜ್ಜ, ಹೊಳೆಗೆ ಹೋಗೋದು ಅಂದ್ರೆ ಬರೀ ನೋಡೋದಾ?”

ಆ ಪ್ರಶ್ನೆಗೆ ನನ್ನಲ್ಲಿ ಉತ್ತರ ಇರಲಿಲ್ಲ. ಉತ್ತರ ಹುಡುಕುತ್ತ ಹೊರಟದ್ದು ಜಗಳವಾಗಿ ಬೆಳೆದದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ನಾನು ಹುಟ್ಟಿ ಬೆಳೆದದ್ದು ಭದ್ರಾವತಿಯಲ್ಲಿ. ಹಿಂದೆ ಬೆಂಕಿಪುರ ಅನ್ನುತ್ತಿದ್ದ ಊರು. ಆ ಹೆಸರಿಗೆ ತಕ್ಕಂತೆ ಅಲ್ಲಿಗೆ ಕಬ್ಬಿಣದ ಕುಲುಮೆಯೂ ಬಂತು. ಅಪ್ಪ ಕಬ್ಬಿಣದ ಕಾರ್ಖಾನೆಯಲ್ಲಿ ಮೂರು ಪಾಳಿಯ ಕೆಲಸಗಾರ. ಕುಲುಮೆಯ ಬಿಸಿ ಒಂದು ಕಡೆ, ಏಪ್ರಿಲ್ ಮೇ ತಿಂಗಳ ಬಿಸಿಲು ಇನ್ನೊಂದು ಕಡೆ. ನಡುವೆ ಭದ್ರಾ ಹೊಳೆ ಇಲ್ಲದಿದ್ದರೆ ಆ ಊರಿನ ಗಂಡಸರು ಹುಚ್ಚರಾಗಿರುತ್ತಿದ್ದರು ಅಂತ ಅಮ್ಮ ಹೇಳುತ್ತಿದ್ದಳು. ಬೆಳಗಿನ ಪಾಳಿ ಮುಗಿಸಿ ಬಂದವರು ಮನೆಗೆ ಬರುವ ಮೊದಲು ಹೊಳೆಗೆ ಹೋಗುತ್ತಿದ್ದರು. ಮೈಗೆ ಅಂಟಿದ ಮಸಿ ಮನೆಯ ಬಚ್ಚಲಿನ ಎರಡು ಬಿಂದಿಗೆ ನೀರಿಗೆ ಬಿಡುವಂಥದ್ದಲ್ಲ.

ನಮಗೆ ಈಜು ಕಲಿಸಿದವರು ಪಕ್ಕದ ಮನೆಯ ಮಾವ, ಫೌಂಡ್ರಿಯಲ್ಲಿದ್ದವರು. ಒಣಗಿದ ಎರಡು ತೆಂಗಿನಕಾಯಿಗಳನ್ನು ಸಿಪ್ಪೆ ಸಮೇತ ಜೋಡಿ ಕಟ್ಟಿ, ಹಗ್ಗವನ್ನು ನಮ್ಮ ಎದೆಯ ಕೆಳಗೆ ಹಾಯಿಸಿ ನೀರಿಗೆ ಬಿಡುತ್ತಿದ್ದರು. ಇನ್ನೊಂದು ಹಗ್ಗದ ತುದಿ ಅವರ ಕೈಯಲ್ಲಿ. ಎರಡನೆಯ ಬೇಸಿಗೆಗೆ ಕಾಯಿ ಹೋಗಿ ಬಾಳೆದಿಂಡು, ಮೂರನೆಯ ಬೇಸಿಗೆಗೆ ಬರಿಗೈ. ಈಜುವುದಕ್ಕಿಂತ ಹೆಚ್ಚಾಗಿ ಅವರು ಕಲಿಸಿದ್ದು ಹೊಳೆಯನ್ನು. ತಿಳಿನೀರು ಸುಳ್ಳು ಹೇಳುತ್ತದೆ, ಸೊಂಟದ ಆಳವನ್ನು ಮೊಣಕಾಲು ಅಂತ ತೋರಿಸುತ್ತದೆ. ಕಣ್ಣನ್ನು ನಂಬಬೇಡ, ಕೋಲಿಟ್ಟು ನೋಡು. ಸೆಳವಿಗೆ ಸಿಕ್ಕರೆ ಎದುರು ಈಜಬೇಡ, ಅದರ ಜೊತೆಗೇ ಹೋಗುತ್ತ ಓರೆಯಾಗಿ ದಡ ಹಿಡಿ. ಮುಳುಗುವವನ ಕೈಗೆ ನಿನ್ನ ಕೈ ಕೊಡಬೇಡ, ಪಂಚೆ ಎಸೆ. ನೀರಿನ ಅಂಚಿಗೆ ಒಂದು ಕಡ್ಡಿ ನೆಟ್ಟು ಇಳಿ. ಕಡ್ಡಿಯ ಬುಡಕ್ಕೆ ನೀರು ಬಂತೋ, ಲಕ್ಕವಳ್ಳಿಯಲ್ಲಿ ಗೇಟು ತೆಗೆದಿದ್ದಾರೆ ಅಂತ ತಿಳಿದು ಮೇಲೆ ಬಾ. ಈ ಕೊನೆಯ ಮಾತು ನನಗೆ ಇವತ್ತಿಗೂ ವಿಶೇಷವಾಗಿ ತೋರುತ್ತದೆ. ಲಕ್ಕವಳ್ಳಿಯ ಭದ್ರಾ ಅಣೆಕಟ್ಟೆ ಪೂರ್ತಿಯಾದದ್ದು 1960ರ ದಶಕದಲ್ಲಿ. ಅಂದರೆ ಆ ಮಾವ ತಾವು ಹುಡುಗರಾಗಿದ್ದಾಗ ಕಲಿತ ಹೊಳೆ ಬೇರೆ, ನಮಗೆ ಕಲಿಸಿದ ಹೊಳೆ ಬೇರೆ. ಹೊಳೆ ಬದಲಾಯಿತು, ಪಾಠವೂ ಬದಲಾಯಿತು. ಇಳಿಯುವುದು ಮಾತ್ರ ನಿಲ್ಲಲಿಲ್ಲ.

ಬೇಸಿಗೆಯ ಹೊಳೆಯ ರುಚಿ ಗೊತ್ತಿಲ್ಲದವರಿಗೆ ಅದನ್ನು ಹೇಳುವುದು ಕಷ್ಟ. ಮಳೆಗಾಲದ ಹೊಳೆ ಎಲ್ಲರದ್ದು. ಸೇತುವೆಯ ಮೇಲೆ ನಿಂತು ನೋಡಿ, ಬಾಗಿನ ಬಿಟ್ಟು, ಪೇಪರಿನಲ್ಲಿ ಡ್ಯಾಮಿನ ಮಟ್ಟ ಓದಿ, 186 ಅಡಿಗೆ ಇನ್ನೆಷ್ಟು ಬಾಕಿ ಅಂತ ಲೆಕ್ಕ ಹಾಕುವುದು. ಬೇಸಿಗೆಯ ಹೊಳೆ ಇಳಿದವರದ್ದು. ನೀರು ತಗ್ಗಿ ಹಾಸುಬಂಡೆಗಳು ಬೆನ್ನು ತೋರಿಸುತ್ತವೆ. ಬಂಡೆಗಳ ನಡುವೆ ಮಡುಗಳು. ಒಂದೊಂದು ಮಡುವಿಗೂ ಒಂದೊಂದು ಹೆಸರು, ಒಂದೊಂದು ದೆವ್ವ. ಹೊಳೆಮತ್ತಿಯ ಬಿಳಿ ಬೊಡ್ಡೆಗೆ ಒರಗಿ ಕೂತರೆ ಮಿಂಚುಳ್ಳಿ ಬಂದು ಎದುರಿನ ಕೊಂಬೆಯ ಮೇಲೆ ಕೂರುತ್ತದೆ. ಕಲ್ಲೆತ್ತಿದರೆ ಏಡಿ, ಮರಳು ಕೆದಕಿದರೆ ಕಪ್ಪೆಚಿಪ್ಪು. ಮಧ್ಯಾಹ್ನ ಮೂರರ ಹೊತ್ತಿಗೆ ಮೇಲಿನ ಒಂದು ಗೇಣು ನೀರು ಬಿಸಿ, ಕೆಳಗೆ ಕಾಲಿಗೆ ತಣ್ಣಗೆ. ಮೇ ಕೊನೆಯಲ್ಲಿ ನೇರಳೆಹಣ್ಣು ನೀರಿಗೆ ಬೀಳುವ ಜಾಗಗಳು ನಮಗೆ ಗೊತ್ತಿದ್ದವು. ಅದಕ್ಕಾಗಿ ಕಾಯುವ ಮೀನುಗಳಿಗೂ ಗೊತ್ತಿದ್ದವು.

ಇಷ್ಟನ್ನು ಹೇಳಿ, ‘ಅಯ್ಯೋ ಆ ಕಾಲ ಹೋಯಿತು’ ಅಂತ ನಿಟ್ಟುಸಿರು ಬಿಟ್ಟರೆ ಲೇಖನ ಸುಖವಾಗಿ ಮುಗಿಯುತ್ತಿತ್ತು. ನನಗೆ ಆ ಸುಖ ಇಲ್ಲ. ಹೊಳೆಗಿಳಿಯಿರಿ ಎಂದು ಹೇಳುವ ನಾನು ಹೊಳೆಗೆ ನನ್ನ ಅಕ್ಕನ ಮಗನನ್ನು ಕೊಟ್ಟವನು.

1998ರ ಮೇ ತಿಂಗಳು. ಹುಡುಗನಿಗೆ ಹದಿನೇಳು. ಇಬ್ಬರು ಸ್ನೇಹಿತರ ಜೊತೆ ಭದ್ರೆಗೆ ಇಳಿದ. ನಾನೇ ಆಡಿ ಬೆಳೆದ ಜಾಗ ಅದು. ಬೇಸಿಗೆಯಲ್ಲಿ ಅಲ್ಲಿ ತೊಡೆಯ ಮೇಲೆ ನೀರು ಬಂದದ್ದನ್ನು ನಾನು ಕಂಡಿರಲಿಲ್ಲ. ಆದರೆ ಆ ವರ್ಷ ಅಲ್ಲಿ ಮರಳು ಎತ್ತಿದ್ದರು. ಮೊಣಕಾಲಿನ ನೀರಿನಲ್ಲಿ ನಡೆಯುತ್ತಿದ್ದವನು ಒಂದು ಹೆಜ್ಜೆ ಮುಂದಿಟ್ಟ, ಕಾಣದೆ ಹೋದ. ಸ್ನೇಹಿತರಿಬ್ಬರು ಕೂಗಿದರು. ಒಬ್ಬ ಕೈ ಕೊಡಲು ಹೋಗಿ ತಾನೂ ಜಾರಿ, ಹೇಗೋ ಬಂಡೆ ಹಿಡಿದು ಉಳಿದ. ದಡದ ಮೇಲೆ ಮೂರು ಅಂಗಿ, ಎರಡು ಪಂಚೆ ಇದ್ದವು. ಪಂಚೆ ಎಸೆಯಬೇಕು ಅಂತ ಅವರಿಗೆ ಯಾರೂ ಹೇಳಿರಲಿಲ್ಲ.

ಹೇಳಬೇಕಾದವನು ನಾನು. “ಮಾವ, ಈ ಸಲ ಈಜು ಕಲಿಸ್ತೀಯಲ್ಲ?” ಅಂತ ಅವನು ನಾಲ್ಕು ಬೇಸಿಗೆ ಕೇಳಿದ್ದ. ನಾನು ಮೇಷ್ಟರು. ನಾಲ್ಕು ಬೇಸಿಗೆಯೂ ಎಸ್ಸೆಸ್ಸೆಲ್ಸಿ ಉತ್ತರ ಪತ್ರಿಕೆಗಳ ಮೌಲ್ಯಮಾಪನ ಅಂತ ಹೋದೆ. ಮೌಲ್ಯಮಾಪನ ಹದಿನೈದು ದಿನದ ಕೆಲಸ. ಉಳಿದ ರಜ ಏನು ಮಾಡಿದೆ ಅಂತ ನನಗೆ ನೆನಪಿಲ್ಲ. ಅಕ್ಕ ನನ್ನನ್ನು ಏನೂ ಅನ್ನಲಿಲ್ಲ. ಅವತ್ತಿನಿಂದ ಅವಳು ಹೊಳೆಯ ಕಡೆಯ ರಸ್ತೆಯಲ್ಲಿ ಹೋಗುವುದನ್ನು ಬಿಟ್ಟಳು, ಅಷ್ಟೆ. ಭದ್ರಾವತಿಯಲ್ಲಿ ಹೊಳೆಯ ಕಡೆ ಹೋಗದೆ ಬದುಕುವುದು ಎಷ್ಟು ಸುತ್ತು ಅಂತ ಆ ಊರಿನವರಿಗೆ ಗೊತ್ತು.

ಆದ್ದರಿಂದ ಪ್ರತಿ ಬೇಸಿಗೆ ಪತ್ರಿಕೆಯ ಒಳಪುಟದಲ್ಲಿ ‘ಈಜಲು ತೆರಳಿದ್ದ ಯುವಕ ನೀರುಪಾಲು’ ಎಂಬ ನಾಲ್ಕು ಸಾಲಿನ ಸುದ್ದಿ ಬಂದಾಗ, ಅದರ ಮಾರನೆಯ ದಿನ ಅಧಿಕಾರಿಗಳು ‘ನದಿಗೆ ಇಳಿಯಬೇಡಿ’ ಎಂದು ಹೇಳಿಕೆ ಕೊಟ್ಟಾಗ ನನಗೆ ಬರುವ ಸಿಟ್ಟು ಪುಸ್ತಕ ಓದಿ ಬಂದದ್ದಲ್ಲ. ಈ ಹುಡುಗರನ್ನು ಹೊಳೆ ಕೊಲ್ಲುತ್ತಿಲ್ಲ ಸ್ವಾಮಿ. ಕೊಲ್ಲುವುದು ಒಂದು, ಕಾಣದ ಹಾಗೆ ತೋಡಿಟ್ಟ ಗುಂಡಿ. ಎರಡು, ಕಲಿಸದೆ ಬಿಟ್ಟ ನಮ್ಮಂಥವರ ಸೋಮಾರಿತನ. ನಿಷೇಧದ ಬೋರ್ಡು ಗುಂಡಿಯನ್ನೂ ಮುಚ್ಚುವುದಿಲ್ಲ, ಈಜನ್ನೂ ಕಲಿಸುವುದಿಲ್ಲ. ಅದರಿಂದ ಆಗುವ ಪ್ರಯೋಜನ ಒಂದೇ: ನಾಳೆ ಯಾರಾದರೂ ಸತ್ತರೆ ‘ನಾವು ಹೇಳಿದ್ದೆವಲ್ಲ’ ಎನ್ನಬಹುದು. ಬೇಸಿಗೆಯ ಬಿಸಿಲಿನಲ್ಲಿ ನೀರನ್ನು ಕಂಡ ಹದಿನೇಳರ ಹುಡುಗ ಇಳಿದೇ ಇಳಿಯುತ್ತಾನೆ. ತಿಳಿದವರ ಕಣ್ಣೆದುರು ಇಳಿಯುತ್ತಾನೋ, ಯಾರಿಗೂ ಹೇಳದೆ ಕದ್ದು ಇಳಿಯುತ್ತಾನೋ ಅನ್ನುವುದಷ್ಟೇ ಪ್ರಶ್ನೆ. ನಿಷೇಧ ಅವನನ್ನು ಎರಡನೆಯದಕ್ಕೆ ತಳ್ಳುತ್ತದೆ.

ಮೊಮ್ಮಗನ ಪ್ರಶ್ನೆಯ ಮಾರನೆಯ ದಿನ ಅವನನ್ನು ಸಕ್ರೆಬೈಲಿಗೆ ಕರೆದುಕೊಂಡು ಹೋದೆ. ಗಾಜನೂರಿನ ಹಿನ್ನೀರಿನಲ್ಲಿ ಬೆಳಿಗ್ಗೆ ಆನೆಗಳಿಗೆ ಸ್ನಾನ. ಮಾವುತ ಬೆನ್ನು ಉಜ್ಜುತ್ತಿದ್ದಾನೆ, ಆನೆ ಮಗ್ಗುಲಾಗಿ ಕಣ್ಣು ಮುಚ್ಚಿ ಮಲಗಿದೆ, ಸೊಂಡಿಲ ತುದಿ ಮಾತ್ರ ನೀರಿನ ಮೇಲೆ. ದಡದಲ್ಲಿ ನಾವು ಟಿಕೆಟ್ಟು ಕೊಂಡು ಬಿಸಿಲಲ್ಲಿ ಬೆವರುತ್ತ ನಿಂತಿದ್ದೆವು. ಈ ಜಿಲ್ಲೆಯಲ್ಲಿ ಬೇಸಿಗೆಯಲ್ಲಿ ಹೊಳೆಯ ನೀರಿನ ಸುಖ ಆನೆಗೆ ಮಾತ್ರ ಮಂಜೂರಾಗಿದೆ ಅನ್ನಿಸಿತು. ಆನೆಯ ಬಗ್ಗೆ ನನ್ನ ತಕರಾರಿಲ್ಲ, ಅದು ಸಂತೋಷವಾಗಿರಲಿ.

ಅಲ್ಲಿಂದ ಮೇಲಕ್ಕೆ ಮಂಡಗದ್ದೆ. ಹೊಳೆಯ ನಡುಗಡ್ಡೆಯ ಮರಗಳಲ್ಲಿ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿ ಗೂಡು ಕಟ್ಟುವ ಜಾಗ. ಆದರೆ ಅವು ಮಳೆಗಾಲದ ಬಾಡಿಗೆದಾರರು. ಬೇಸಿಗೆಯಲ್ಲಿ ಹಕ್ಕಿಗಿಂತ ಮರವೇ ಹೆಚ್ಚು. ಹುಡುಗನಿಗೆ ಬೇಸರವಾಯಿತು. ತೀರ್ಥಹಳ್ಳಿ ಕಡೆಯ ಛಿಬ್ಬಲಗುಡ್ಡೆಯಲ್ಲಿ ಬೇಸರ ಹೋಯಿತು. ದೇವಸ್ಥಾನದ ಮೆಟ್ಟಿಲಿನ ಬುಡದಲ್ಲಿ ತೋಳುದ್ದದ ಮೀನುಗಳು ನೂರಾರು. ಯಾರೂ ಹಿಡಿಯುವಂತಿಲ್ಲ, ದೇವರ ಮೀನು. ಹುಡುಗ ಮೆಟ್ಟಿಲ ಮೇಲೆ ಕೂತು ಕಾಲು ಇಳಿಬಿಟ್ಟ. ಮೀನು ಬಂದು ಹೆಬ್ಬೆರಳಿಗೆ ಮುತ್ತಿಟ್ಟಿತು. ಅವನು ಕೂಗಿದ ಕೂಗಿಗೆ ಅರ್ಚಕರು ಹೊರಗೆ ಬಂದು ನೋಡಿದರು. ಮೊಬೈಲು ಆಗ ಅವನ ಜೇಬಿನಲ್ಲಿತ್ತು.

ಅದೇ ಹೊಳೆ ಅರವತ್ತು ಎಪ್ಪತ್ತು ಕಿಲೋಮೀಟರು ಕೆಳಗೆ ಶಿವಮೊಗ್ಗ ದಾಟುವ ಹೊತ್ತಿಗೆ ಏನಾಗುತ್ತದೆ? 2018ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ದೇಶದ ಮಲಿನ ನದಿಗಳ ಪಟ್ಟಿ ಮಾಡಿತು. ಕರ್ನಾಟಕದಿಂದ 17 ನದಿಗಳು. ಅದರಲ್ಲಿ ತುಂಗೆಯೂ ಇದ್ದಳು, ಭದ್ರೆಯೂ ಇದ್ದಳು, ಇಬ್ಬರೂ ಸೇರಿ ಆದ ತುಂಗಭದ್ರೆ ಬೇರೆ ಹೆಸರಿನಲ್ಲಿ ಮತ್ತೊಮ್ಮೆ ಇದ್ದಳು. ‘ಗಂಗಾ ಸ್ನಾನ, ತುಂಗಾ ಪಾನ’ ಎಂದು ಮದುವೆಮನೆಯಲ್ಲಿ ನೀರಿನ ಲೋಟ ಎತ್ತಿ ಹೇಳುವ ನಮ್ಮವರನ್ನು ನೋಡಿದರೆ ನಗು ಬರುತ್ತದೆ. ಆ ಗಾದೆಯಿಂದ ನಮಗೆ ಇನ್ನೊಂದು ಅನುಕೂಲವೂ ಆಗಿದೆ: ಸ್ನಾನ ಗಂಗೆಯಲ್ಲಿ ತಾನೆ, ಆದ್ದರಿಂದ ತುಂಗೆಗೆ ಇಳಿಯಬೇಕಾದ್ದಿಲ್ಲ! ಕುಡಿಯುವ ನೀರು ನಲ್ಲಿಯಲ್ಲಿ ಬರುತ್ತದೆ. ಹೊಳೆಗೂ ನಲ್ಲಿಗೂ ಇರುವ ಸಂಬಂಧ ನೀರು ಬಾರದ ದಿನ ಮಾತ್ರ ನೆನಪಾಗುತ್ತದೆ.

ಭದ್ರಾವತಿಯಲ್ಲಿ ಒಂದು ಕಾಲಕ್ಕೆ ಎಲ್ಲಕ್ಕೂ ಕಾರ್ಖಾನೆಗಳ ಕಡೆ ಬೆರಳು ತೋರಿಸುವ ಅಭ್ಯಾಸ ಇತ್ತು. 1936ರಲ್ಲಿ ಶುರುವಾದ ಕಾಗದದ ಕಾರ್ಖಾನೆ ನಿಂತು ಹತ್ತು ವರ್ಷದ ಮೇಲಾಯಿತು. ಉಕ್ಕಿನ ಕಾರ್ಖಾನೆಯನ್ನು ಮುಚ್ಚುತ್ತೇವೆ ಎಂದು 2023ರಲ್ಲಿ ಹೇಳಿ, ಆಮೇಲೆ ಅಷ್ಟಿಷ್ಟು ಉಸಿರು ಕೊಟ್ಟಿದ್ದಾರೆ. ಊರು ಸೊರಗಿದೆ, ಪೇಪರ್ ಟೌನಿನ ಮನೆಗಳ ಮುಂದೆ ಹುಲ್ಲು ಬೆಳೆದಿದೆ. ಊರ ಬಚ್ಚಲು ಮಾತ್ರ ಎಂದಿನಂತೆ ಹೊಳೆಗೇ ಹೋಗುತ್ತಿದೆ. ಬೆರಳು ತೋರಿಸಲು ಈಗ ನಮ್ಮ ನಮ್ಮ ಹಿತ್ತಲುಗಳು ಉಳಿದಿವೆ.

ಶಿವಮೊಗ್ಗ 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿತು. ಹೊಳೆ ದಂಡೆಗೆ ನಡೆದಾಡುವ ದಾರಿ, ಉದ್ಯಾನ, ದೀಪ ಎಲ್ಲ ಬಂತು. ಬರಲಿ, ನಾನೂ ಸಂಜೆ ಅಲ್ಲಿ ನಡೆಯುವವನೇ. ಆದರೆ ಆ ದಾರಿಯಲ್ಲಿ ಹೊಳೆ ಗಾಜಿನ ಕಪಾಟಿನ ಗೊಂಬೆಯಾಗಿದೆ. ದೂರದಿಂದ ದೀಪದ ಬೆಳಕಿನಲ್ಲಿ ಚಂದ. ಗಾಳಿ ಈ ಕಡೆ ತಿರುಗಿದರೆ ಕರವಸ್ತ್ರ ಬೇಕು. ಹೊಳೆಯನ್ನು ನೋಡುವವನಿಗೆ ಬಣ್ಣ ಸಾಕು. ಇಳಿಯುವವನಿಗೆ ನೀರು ಬೇಕು. ಇಳಿಯುವವರೇ ಇಲ್ಲದ ಊರಿನಲ್ಲಿ ನೀರು ಹೇಗಿದ್ದರೇನು? ನನ್ನ ತಕರಾರಿನ ಬೇರು ಇರುವುದು ಇಲ್ಲಿ. ಮೊದಲು ಹೊಳೆ ಕೆಟ್ಟಿತು, ಆಮೇಲೆ ನಾವು ಇಳಿಯುವುದನ್ನು ಬಿಟ್ಟೆವು ಅಂತ ಎಲ್ಲರೂ ಹೇಳುತ್ತಾರೆ. ನನ್ನ ಕಣ್ಣೆದುರು ನಡೆದದ್ದು ತಿರುಗುಮುರುಗು. ಮೊದಲು ಮನೆಮನೆಗೆ ನಲ್ಲಿ ಬಂತು, ಟಿವಿ ಬಂತು, ಮಕ್ಕಳಿಗೆ ಬೇಸಿಗೆ ಟ್ಯೂಷನ್ನು ಬಂತು. ಹೊಳೆಯ ಹತ್ತಿರ ಯಾರೂ ಇಲ್ಲದಾದರು. ಯಾರೂ ಇಲ್ಲದ ಜಾಗದಲ್ಲಿ ಕಸ ಬಿತ್ತು, ಚರಂಡಿ ತಿರುಗಿತು, ರಾತ್ರಿ ಲಾರಿ ಇಳಿಯಿತು. ದಿನಾ ಬೆಳಿಗ್ಗೆ ಐವತ್ತು ಜನ ಮೀಯುವ ಮೆಟ್ಟಿಲ ಪಕ್ಕ ಚರಂಡಿ ತಂದು ಬಿಡುವ ಧೈರ್ಯ ಯಾವ ಕಂಟ್ರಾಕ್ಟರಿಗೂ ಇರುವುದಿಲ್ಲ. ಮರಳು ಎತ್ತುವವನಿಗೂ ಅಷ್ಟೇ.

ಹೊಳೆಯನ್ನು ಬಲ್ಲವರು ಕೈ ಕಟ್ಟಿ ಕೂರುವುದಿಲ್ಲ ಎನ್ನುವುದಕ್ಕೆ ಭದ್ರೆಯ ತಲೆಯ ಕಡೆಯೇ ಸಾಕ್ಷಿ ಇದೆ. ಕುದುರೆಮುಖದಲ್ಲಿ ಕಬ್ಬಿಣದ ಅದಿರು ತೆಗೆಯುತ್ತಿದ್ದ ಕಾಲದಲ್ಲಿ ಮಳೆಗಾಲದ ಭದ್ರೆ ಹೂಳು ಹೊತ್ತು ಕೆಂಪಾಗಿ ಬರುತ್ತಿದ್ದಳು. ಜನ ಎದ್ದರು, ನ್ಯಾಯಾಲಯಕ್ಕೆ ಹೋದರು. 2002ರಲ್ಲಿ ಸುಪ್ರೀಂ ಕೋರ್ಟು ಹೇಳಿತು, 2005ರ ಕೊನೆಗೆ ಗಣಿ ನಿಂತಿತು. ಕೇಂದ್ರ ಸರಕಾರದ ಕಂಪನಿಯ ಗಣಿಯನ್ನೇ ನಿಲ್ಲಿಸಬಹುದಾದರೆ ಬೀದಿಯ ಚರಂಡಿಯನ್ನು ತಿರುಗಿಸಲಾರೆವೆ? 2024ರ ನವೆಂಬರಿನಲ್ಲಿ ಶೃಂಗೇರಿಯಿಂದ ಹೊಳೆಯ ದಂಡೆ ಹಿಡಿದು ನಿರ್ಮಲ ತುಂಗಭದ್ರಾ ಪಾದಯಾತ್ರೆ ಹೊರಟಿತು. ಒಳ್ಳೆಯ ಕೆಲಸ. ದಂಡೆಯ ಮೇಲೆ ನಡೆಯುವವರ ಜೊತೆಗೆ ನೀರಿಗೆ ಇಳಿಯುವವರೂ ಬೇಕು ಎನ್ನುವುದಷ್ಟೇ ನನ್ನ ಸೇರ್ಪಡೆ.

‘ಆಗದ ಮಾತು ಮೇಷ್ಟ್ರೇ’ ಎನ್ನುವವರಿಗೆ ಎರಡು ಸುದ್ದಿ. ಪ್ಯಾರಿಸ್ಸಿನ ಸೇನ್ ನದಿಯಲ್ಲಿ ಈಜುವುದನ್ನು 1923ರಲ್ಲಿ ನಿಷೇಧಿಸಿದ್ದರು, ಹೊಲಸು ಅಂತ. ನೂರು ವರ್ಷದ ಮೇಲೆ, 2025ರ ಜುಲೈನಲ್ಲಿ, ಕೊಳಚೆ ತಡೆದು, ಜಾಗ ಗುರುತಿಸಿ, ಕಾವಲಿನವರನ್ನು ನಿಲ್ಲಿಸಿ ಅದೇ ನದಿಯನ್ನು ಜನರಿಗೆ ಬಿಟ್ಟರು. ಅದಕ್ಕೆ ಅವರು ಸುರಿದ ದುಡ್ಡು ನಮ್ಮಲ್ಲಿಲ್ಲ, ಒಪ್ಪಿದೆ. ಹಾಗಾದರೆ ದುಡ್ಡಿಲ್ಲದವರ ಕಡೆ ನೋಡಿ: ಬಾಂಗ್ಲಾದೇಶದಲ್ಲಿ ಹಳ್ಳಿಯ ಕೆರೆಯೊಳಗೆ ಬಿದಿರಿನ ಅಟ್ಟಣೆ ಕಟ್ಟಿ, ಅದರ ಅಂಕಣದೊಳಗೆ ಊರಿನವರೇ ಊರ ಮಕ್ಕಳಿಗೆ ಈಜು ಕಲಿಸುತ್ತಾರೆ. ಬಿದಿರು ನಮ್ಮಲ್ಲೂ ಇದೆ. ಈಜು ಬಲ್ಲ ನಿವೃತ್ತರು ಭದ್ರಾವತಿಯ ಒಂದೊಂದು ಬೀದಿಯಲ್ಲೂ ಇದ್ದಾರೆ, ಪಿಂಚಣಿ ಕಡಿಮೆ, ಹೊತ್ತು ಜಾಸ್ತಿ.

ಇದನ್ನೆಲ್ಲ ಒಂದು ಅರ್ಜಿ ಮಾಡಿ ಸಂಬಂಧಪಟ್ಟ ಕಚೇರಿಗೆ ಕೊಟ್ಟೆ. ಎರಡೂ ಊರಿನಲ್ಲಿ ಚರಂಡಿ ಸೇರುವ ಜಾಗಕ್ಕಿಂತ ಮೇಲೆ ಒಂದೊಂದು ಮಡು ಗೊತ್ತು ಮಾಡಿ. ತಳ ನೋಡಿ ಗುಂಡಿ ಇದ್ದರೆ ಕಲ್ಲು ಕಟ್ಟಿ ಸುತ್ತುಹಾಕಿ. ಏಪ್ರಿಲ್ ಮೇ ಎರಡು ತಿಂಗಳು ಬೆಳಿಗ್ಗೆ ಎರಡು ಗಂಟೆ ಇಬ್ಬರು ಈಜುಗಾರರನ್ನು ನಿಲ್ಲಿಸಿ. ಮೇಲಿನಿಂದ ನೀರು ಬಿಡುವ ಹೊತ್ತನ್ನು ಬೋರ್ಡಿನಲ್ಲಿ ಬರೆಯಿರಿ. ಅರ್ಜಿ ಓದಿದ ಅಧಿಕಾರಿ ಒಳ್ಳೆಯವರು, ಚಹಾ ತರಿಸಿದರು. “ನಿಮ್ಮ ಭಾವನೆ ಅರ್ಥ ಆಗುತ್ತೆ ಸಾರ್. ಆದ್ರೆ ನಾವು ಅನುಮತಿ ಕೊಟ್ಟು ನಾಳೆ ಏನಾದ್ರೂ ಆದ್ರೆ ಜವಾಬ್ದಾರಿ ಯಾರು?” ಎಂದರು. ಅನುಮತಿ ಇಲ್ಲದೆ ಆಗುತ್ತಿದೆಯಲ್ಲ, ಅದರ ಜವಾಬ್ದಾರಿ ಯಾರದು ಎಂದೆ. ಅವರು ಚಹಾ ಕುಡಿದರು. ನಾನೂ ಕುಡಿದೆ. ಮಕ್ಕಳಿಗೆ ಈಜುಕೊಳ ಇದೆಯಲ್ಲ ಸಾರ್ ಎಂದರು. ಇದೆ. ಗಂಟೆಗೆ ಇಷ್ಟು ಅಂತ ದುಡ್ಡು ಕೊಟ್ಟರೆ ಇದೆ. ನೀಲಿ ನೀರಿನಲ್ಲಿ ತಳ ಕಾಣುವ ಹಾಗೆ ಕಲಿತ ಹುಡುಗನಿಗೆ ತಳ ಕಾಣದ ಹೊಳೆಯಲ್ಲಿ ಕೋಲಿಡಬೇಕು ಅಂತ ಯಾರು ಹೇಳುತ್ತಾರೆ?

ಆ ಅರ್ಜಿ ಎಲ್ಲಿದೆಯೋ ತಿಳಿಯದು. ಕಾಯುತ್ತ ಕೂರಲಿಲ್ಲ. ಊರಿಗಿಂತ ಮೇಲೆ, ನೀರು ತಿಳಿಯಾಗಿರುವ ಕಡೆ, ನನ್ನ ಹಳೆಯ ಸ್ನೇಹಿತನ ಅಡಿಕೆ ತೋಟದ ತಗ್ಗಿನಲ್ಲಿ ಒಂದು ಮಡು ಇದೆ. ಮೊದಲ ದಿನ ನಾನೂ ಸ್ನೇಹಿತನೂ ಇಳಿದು ಬಿದಿರ ಗಳದಿಂದ ತಳವನ್ನು ಅಂಗುಲ ಅಂಗುಲ ಕುತ್ತಿ ನೋಡಿದೆವು. ಎರಡನೆಯ ದಿನ ಮೊಮ್ಮಗನಿಗೆ ತೆಂಗಿನಕಾಯಿ ಕಟ್ಟಿದೆ. ಐದನೆಯ ದಿನ ತೋಟದ ಆಳುಗಳ ಮಕ್ಕಳು ಮೂವರು ಬಂದರು, ಅದರಲ್ಲಿ ಒಬ್ಬಳು ಹುಡುಗಿ, ಎಲ್ಲರಿಗಿಂತ ಬೇಗ ಕಲಿತವಳು ಅವಳೇ. ರಜ ಮುಗಿಯುವ ಹೊತ್ತಿಗೆ ನನ್ನ ಹುಡುಗ ಹತ್ತು ಮಾರು ಈಜುತ್ತಿದ್ದ. ಇಳಿಯುವ ಮೊದಲು ಕಡ್ಡಿ ನೆಡುವುದನ್ನು ನಾನು ಮರೆತರೂ ಅವನು ಮರೆಯುತ್ತಿರಲಿಲ್ಲ.

ಈ ವಿಷಯವನ್ನು ಅಕ್ಕನಿಂದ ಮುಚ್ಚಿಟ್ಟಿದ್ದೆ. ಹುಡುಗನೇ ಹೋಗಿ ಹೇಳಿದ. ನಾನು ಹೋದಾಗ ಅವಳು ಜಗಲಿಯಲ್ಲಿ ಹುಣಸೆಹಣ್ಣು ಬಿಡಿಸುತ್ತ ಕೂತಿದ್ದಳು. ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ ತಲೆ ಎತ್ತದೆ ಕೇಳಿದಳು: “ಹಗ್ಗ ಯಾವುದು ಕಟ್ತೀಯ?”

ತೋಟದಲ್ಲಿದ್ದ ಬಾವಿಹಗ್ಗ ಎಂದೆ.

“ಹಳೇದು ಬೇಡ. ಮುಂದಿನ ವರ್ಷಕ್ಕೆ ಹೊಸದು ತಗೋ” ಎಂದಳು.